ನೀಲವ್ವನ ಖಾರದ ಅಳತೆ

ಬಾಣಲೆಯಲ್ಲಿ ಒಣಮೆಣಸಿನಕಾಯಿ ಚಟಪಟ ಎನ್ನುತ್ತಿದ್ದಂತೆ ನೀಲವ್ವನ ಕೊರಳಿನ ಬಿಲ್ಲೆ ಮಿಡಿದು, ಅವಳ ಮೂಗಿನತ್ತ ಸಣ್ಣಗೆ ಮಂಜು ಚಿಮ್ಮಿತು. ಘಾಟಿಗೆ ಅಡುಗೆಮನೆಯ ಉಳಿದವರೆಲ್ಲ ಮೂಗಿಗೆ ಸೆರಗು ಮುಚ್ಚಿಕೊಂಡು ಹೊರಗೋಡಿದರು. ಚಿಕ್ಕಂದಿನಿಂದ ಉಬ್ಬಸದಲ್ಲೇ ಬೆಳೆದ ನೀಲವ್ವ ಮಾತ್ರ ಒಲೆಯ ಮುಂದೆ ನಗುತ್ತ ನಿಂತಿದ್ದಳು.

ಊರೆಲ್ಲ ಅಡುಗೆಯಂತ್ರಗಳಿಗೆ ಶರಣಾಗಿದ್ದ ಆ ಕಾಲದಲ್ಲೂ ಹುಬ್ಬಳ್ಳಿಯಲ್ಲಿ ಕೈಯಡುಗೆ ಬೇಕೆಂದವರು ನೀಲವ್ವನ ಖಾನಾವಳಿಗೇ ಬರಬೇಕು. ಆದರೆ ಹಳೆಯ ಔಷಧಗಳೆಲ್ಲ ಸೋತು, ‘ಒಲೆ ಬಿಡು, ಇಲ್ಲವೇ ಉಸಿರು ಬಿಡು’ ಎಂದು ವೈದ್ಯರು ಕೈಚೆಲ್ಲಿದ್ದರು. ಆಗ ಈ ಬಿಲ್ಲೆ ತಂದವಳು ವಿಜ್ಞಾನಿ ವಾರಿಜಾ ಕಟ್ಟಿ.

“ಕಹಿ ತಿಳಿಯೂದು ಬರೇ ನಾಲಿಗಿಗಲ್ರೀ ನೀಲವ್ವಾರ. ಉಸಿರಿನ ಕೊಳವಿಗೂ ತಿಳೀತದ.”

ಶ್ವಾಸನಾಳದ ಸುತ್ತ ಇರುವ ಸ್ನಾಯು ಬಿಗಿದುಕೊಂಡರೆ ಉಬ್ಬಸ. ಆ ಸ್ನಾಯುವಿನ ಕಣಕಣದಲ್ಲೂ ಕಹಿಯನ್ನು ಗುರುತಿಸುವ ‘ಕಹಿಗ್ರಾಹಿ’ಗಳಿವೆ, ತಕ್ಕ ಕಹಿ ತಾಗಿದರೆ ಸ್ನಾಯು ಸಡಿಲಾಗುತ್ತದೆ. ಹಳೆಯ ಔಷಧಗಳು ತಟ್ಟುತ್ತಿದ್ದುದು ಬೇರೆ ಬಾಗಿಲನ್ನು. ರೋಗ ಬಲಿತವರಲ್ಲಿ ಅದು ತೆರೆಯುತ್ತಿರಲಿಲ್ಲ. ಬಿಲ್ಲೆ ಬಿಗಿತದ ಸುಳಿವು ಹಿಡಿದು, ತಾನಾಗಿಯೇ ಕಹಿಮಂಜು ಬಿಡುತ್ತಿತ್ತು.

“ಹಂಗಾರ ಹಾಗಲಕಾಯಿ ಪಲ್ಯಾ ತಿಂದ್ರ ಸಾಲೂದಿಲ್ಲೇನ್ರಿ?”

“ಅದು ಹೊಟ್ಟಿಗೆ ಹೋಗ್ತದ. ನಮಗ ಬೇಕಾಗಿದ್ದು ಎದಿಗೆ.”

ಬಿಲ್ಲೆ ಗೆದ್ದಿತು. ಆ ಗೆಲುವನ್ನು ಕಣ್ಣಾರೆ ನೋಡಲು ವಾರಿಜಾ ಊಟಕ್ಕೇ ಬಂದಳು. ಎಣ್ಣೆಗಾಯಿಯ ಮೊದಲ ತುತ್ತಿಗೇ ಅವಳ ಕಿವಿಯಲ್ಲಿ ಬಿಸಿಗಾಳಿ ಹೊರಟಿತು. ಸುತ್ತ ನೋಡಿದರೆ ಅರ್ಧ ಪಂಕ್ತಿ ಖಾಲಿ. ಕುಳಿತವರು ಕಣ್ಣೊರೆಸುತ್ತ ಮೊಸರು ಕೇಳುತ್ತಿದ್ದರು.

“ಹಳೇ ಗಿರಾಕಿ ಎಲ್ಲಾ ಯಂತ್ರದ ಊಟಕ್ಕ ಹೊಂಟಾರ್ರಿ ಅಕ್ಕಾರ. ಹಿಂಗಾದ್ರ ಬಾಗಿಲಾ ಹಾಕೂದ,” ಎಂದಳು ನೀಲವ್ವ.

“ನೀವು ರುಚಿ ನೋಡೂದಿಲ್ಲೇನು?”

“ದೇವರಿಗೆ ಎಡಿ ಹಿಡಿಯೂ ಮೊದ್ಲ ಬಾಯಾಗ ಹಾಕಿದ್ರ ಎಂಜಲಾ ಆಗೂದಿಲ್ಲೇನ್ರಿ?”

“ಮತ್ತ ಇಷ್ಟು ವರ್ಷ ಖಾರದ ಅಳತಿ?”

ನೀಲವ್ವ ಎದೆಯ ಮೇಲೆ ಕೈಯಿಟ್ಟುಕೊಂಡಳು. “ಹುರಿಯೂ ಮುಂದ ಇದು ಬಿಗೀತಿತ್ರಿ. ಬಿಗೀತಂದ್ರ ಮೆಣಸಿನಕಾಯಿ ಸಾಕಂತ ತಿಳೀತಿತ್ತು. ಈಗ ಬಿಗಿಯೂದ ಇಲ್ಲಲ್ರಿ!”

ವಾರಿಜಾ ದಂಗಾದಳು. ಪ್ರಯೋಗಾಲಯದಲ್ಲಿ ಎಲ್ಲವನ್ನೂ ಪರೀಕ್ಷಿಸಿದ್ದರು, ಇದೊಂದನ್ನು ಬಿಟ್ಟು. “ಹುರಿಯೂ ಹೊತ್ತಿನ್ಯಾಗ ಬಿಲ್ಲೆ ಸ್ವಲ್ಪ ತಡಾ ಮಾಡೂಹಂಗ ಮಾಡ್ಲೇನು?”

“ಬ್ಯಾಡ್ರಿ!” ನೀಲವ್ವ ಬಿಲ್ಲೆಯನ್ನು ಮುಷ್ಟಿಯಲ್ಲಿ ಬಿಗಿ ಹಿಡಿದಳು. “ಸಿಕ್ಕ ಉಸಿರು ತಿರುಗಿ ಕೊಡಂಗಿಲ್ಲ.”

ಮರುದಿನ ದೇವರ ಮುಂದೆ ಎಡೆಯಿಡುವ ಮೊದಲು ಅವಳು ಬೆರಳ ತುದಿಯಷ್ಟು ಎಣ್ಣೆಗಾಯಿ ನಾಲಿಗೆಗೆ ಹಚ್ಚಿಕೊಂಡಳು. ಹದವಾಗಿತ್ತು. ಆಮೇಲೆ ಕೈಮುಗಿದಳು.

“ಸಿಟ್ಟಾಗಬ್ಯಾಡೋ ನಮ್ಮಪ್ಪಾ. ಇಷ್ಟು ವರ್ಷ ನನ್ನ ಎದಿ ಬಿಗಿಸಿಕೊಂಡು ನಿನಗ ಉಣ್ಣಾಕ ಹಾಕೀನಿ. ಇನ್ಮ್ಯಾಲೆ ಮೊದ್ಲ ನಾ, ಆಮ್ಯಾಲೆ ನೀ.”