ಏಳನೆಯ ರೀಲು

ಚಳಿಗಾಲ ಮುಗಿಯುವ ಹೊತ್ತು. ಹುಲ್ಲು ಇನ್ನೂ ಹಸಿರಾಗಿತ್ತು, ಹಸುಗಳು ಧಾರಾಳವಾಗಿ ಹಾಲು ಕೊಡುತ್ತಿದ್ದವು. ಬೆಳಗಿನ ಆರಕ್ಕೆಲ್ಲ ಹಾಲಿನ ಕೇಂದ್ರದ ಮುಂದೆ ಕ್ಯಾನುಗಳ ಸಾಲು ರಸ್ತೆಯವರೆಗೂ ಬೆಳೆದಿರುತ್ತಿತ್ತು. ಅವಳು ಒಂದೊಂದೇ ಕ್ಯಾನಿನಿಂದ ಹಾಲು ತೆಗೆದು, ಉದ್ದನೆಯ ಗಾಜಿನ ಪಾತ್ರೆಗೆ ಸುರಿದು, ಅದರೊಳಗೆ ಅಳತೆಯ ಕಡ್ಡಿ ಬಿಟ್ಟು, ಅದು ತೇಲಿ ನಿಲ್ಲುವವರೆಗೂ ಕಾಯುತ್ತಿದ್ದಳು. ನೀರು ಬೆರೆತಿದ್ದರೆ ಕಡ್ಡಿ ಆಳಕ್ಕಿಳಿದು ಹೇಳಿಬಿಡುತ್ತಿತ್ತು. ಆ ಕಡ್ಡಿಯ ಡಿಗ್ರಿ ಓದುವವಳಾದ್ದರಿಂದ ಊರಿಗೆಲ್ಲ ಅವಳು ಡಿಗ್ರಿ ಅಕ್ಕ.

"ಡಿಗ್ರಿ ಅಕ್ಕ, ಇವತ್ತು ಒಂದಿಷ್ಟು ಕಣ್ಣು ಮುಚ್ಕೊಂಡು ನೋಡಿ," ಎಂದು ಮುದುಕನೊಬ್ಬ ಗೋಗರೆದ.

"ನಾನು ಕಣ್ಣು ಮುಚ್ಚಿದ್ರೂ ಕಡ್ಡಿ ಮುಳುಗುತ್ತೆ ಅಜ್ಜ. ನಿಮ್ಮ ಹಸುಗೆ ಬಾವಿ ತೋರಿಸ್ಬೇಡಿ."

ಸಾಲಿನಲ್ಲಿದ್ದವರು ನಕ್ಕರು. ಅವಳೂ ನಕ್ಕಳು. ಎಂಟು ಗಂಟೆಗೆ ಕೊನೆಯ ಕ್ಯಾನು ಖಾಲಿಯಾಗುತ್ತಿತ್ತು. ಅವಳ ಮಾತೂ ಅಲ್ಲಿಗೆ ಮುಗಿಯುತ್ತಿತ್ತು.

ಅಮ್ಮ ತೀರಿಕೊಂಡು ವರ್ಷ ದಾಟಿತ್ತು. ಕೇಂದ್ರದ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಮನೆ. ಅಡುಗೆಮನೆಯ ಗೂಡಿನಲ್ಲಿ ಮೂರು ತಟ್ಟೆ. ಒಂದು ಅವಳದು, ಒಂದು ಅಮ್ಮನದು. ಮೂರನೆಯದು ಅವಳ ಒಂಬತ್ತನೆಯ ವಯಸ್ಸಿನಲ್ಲಿ ಮನೆ ಬಿಟ್ಟು ಹೋದ ಅಪ್ಪನದು. ಅಮ್ಮ ಕೊನೆಯವರೆಗೂ ಅದನ್ನು ದಿನಾ ತೊಳೆದು ಬೋರಲು ಹಾಕುತ್ತಿದ್ದಳು. ಈಗ ತೊಳೆಯುವವಳು ಇವಳು. ಯಾಕೆ ಎಂದು ತನ್ನನ್ನೇ ಕೇಳಿಕೊಂಡಿರಲಿಲ್ಲ.

ಭಾನುವಾರ ಅವಳಿಗೆ ರಜೆ. ಅಂಥ ಒಂದು ಭಾನುವಾರ ಸಂಜೆ ಒಲೆಯ ಮೇಲಿನ ಹಾಲು ಉಕ್ಕಿದಾಗ "ಅಯ್ಯೋ" ಎಂದಳು. ಆಮೇಲೆ ಹೊಳೆಯಿತು... ಬೆಳಗಿನಿಂದ ತನ್ನ ಬಾಯಿಂದ ಬಂದ ಮೊದಲ ಮಾತು ಅದು.

ಮುಂದಿನ ಭಾನುವಾರ ಅವಳು ಸೀರೆ ಬದಲಿಸಿ ಲೈಬ್ರರಿಗೆ ಹೋದಳು. ಅಲ್ಲಿ ಮೂರು ಗಂಟೆಗೆ ಸಿನಿಮಾ ಹುಚ್ಚಿನವರು ಸೇರುತ್ತಾರೆಂದು ಲೈಬ್ರರಿ ಮೇಡಂ ಎಷ್ಟೋ ಸಲ ಕರೆದಿದ್ದರು. ಸಿನಿಮಾ ಒಂದು ನೆಪ. ಅವಳಿಗೆ ಬೇಕಾಗಿದ್ದದ್ದು ಎದುರಿಗೊಂದು ಮನುಷ್ಯರ ದನಿ.

ಮೇಜಿನ ಸುತ್ತ ಐದಾರು ಕುರ್ಚಿ. ಅಂದಿನ ಪ್ರಶ್ನೆಯನ್ನು ಮೇಡಂ ಹಲಗೆಯ ಮೇಲೆ ಬರೆದಿದ್ದರು. ದೊಡ್ಡ ನಿರ್ದೇಶಕರ ಚಿತ್ರಗಳಲ್ಲಿ ಯೋಗ್ಯತೆಗಿಂತ ಹೆಚ್ಚು ಹೊಗಳಿಸಿಕೊಂಡದ್ದು ಯಾವುದು? ಯಾರೂ ತಿರುಗಿ ನೋಡದ ಒಳ್ಳೆಯದು ಯಾವುದು?

"ಆ ಮಂಜಿನ ಚಿತ್ರ," ಎಂದರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. "ಎರಡೂವರೆ ಗಂಟೆ ಬರೀ ಮಂಜು. ಕಣ್ಣೇ ಕೆಡ್ತೇನೋ ಅಂತ ಮೂರು ಸಲ ಕನ್ನಡಕ ಒರೆಸ್ಕೊಂಡೆ."

"ಅದೇ ಮೇಷ್ಟ್ರೇ ಅವರ ಶ್ರೇಷ್ಠ ಚಿತ್ರ," ಎಂದು ಔಷಧಿ ಅಂಗಡಿಯವರು ಮೇಜು ಕುಟ್ಟಿದರು. "ನಿದ್ದೆ ಮಾತ್ರೆ ಮಾರೋನು ನಾನು. ನನಗೇ ನಿದ್ದೆ ಬರಲಿಲ್ಲ."

"ನಿಮಗೆ ನಿದ್ದೆ ಬರದೇ ಇರೋದು ಉದ್ರಿ ಕೊಟ್ಟಿದ್ದಕ್ಕೆ. ಸಿನಿಮಾಕ್ಕಲ್ಲ."

ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಇಷ್ಟು ಹೊತ್ತು ಜನರ ನಡುವೆ ಕೂತು ಎಷ್ಟು ದಿನವಾಗಿತ್ತು!

"ನೀವು ಹೇಳಿ ಡಿಗ್ರಿ ಅಕ್ಕ," ಎಂದರು ಮೇಡಂ.

"ನನಗೆ ಅತಿಯಾಯ್ತು ಅನ್ಸಿದ್ದು ಆ ಬಾಗಿಲಿನ ಚಿತ್ರ."

ಕೋಣೆಯಲ್ಲಿ ಗುಸುಗುಸು ಎದ್ದಿತು. ಆ ಚಿತ್ರ ನೋಡಿ ಎಲ್ಲರಿಗೂ ಎಷ್ಟೋ ವರ್ಷವಾಗಿತ್ತು, ಆದರೂ ಅದನ್ನು ಅಲ್ಲಿ ಯಾರೂ ಹಾಗೆ ಅಂದಿರಲಿಲ್ಲ.

"ಗಂಡ ಬಿಟ್ಟು ಹೋಗ್ತಾನೆ. ಹತ್ತು ವರ್ಷ ಆದ್ಮೇಲೆ ಬಂದು ಅಂಗಳದಲ್ಲಿ ನಿಲ್ತಾನೆ. ಅವಳು ಬಾಗಿಲು ಹಾಕ್ಕೋತಾಳೆ. ಸರಿ. ಮುಂದಿನ ದೃಶ್ಯದಲ್ಲೇ ಬಾಗಿಲು ತೆಗೆದು ತಟ್ಟೆ ಇಡ್ತಾಳೆ. ಮನಸ್ಸು ಬದಲಾಗೋಕೆ ಒಂದು ಕಾರಣ ಬೇಡ್ವಾ? ಇದು ಹಾಲಲ್ಲ, ಬರೀ ನೀರು."

ಎಲ್ಲರೂ ನಕ್ಕರು. ಕಿಟಕಿಯ ಪಕ್ಕ ಕೂತಿದ್ದ ಒಬ್ಬ ಮಾತ್ರ ನಗಲಿಲ್ಲ. ಊರಿನ ಥಿಯೇಟರ್ ಮುಚ್ಚಿ ಹತ್ತು ವರ್ಷವಾದರೂ ಅಲ್ಲಿ ರೀಲು ಓಡಿಸುತ್ತಿದ್ದ ಅವನನ್ನು ಎಲ್ಲರೂ ಆಪರೇಟರ್ ಎಂದೇ ಕರೆಯುತ್ತಿದ್ದರು. ಈಗ ಫ್ರಿಜ್ಜು, ಕೂಲಿಂಗ್ ಯಂತ್ರ ರಿಪೇರಿ ಮಾಡುತ್ತಿದ್ದ. ಬೆರಳುಗಳಲ್ಲಿ ಗ್ರೀಸಿನ ಕಪ್ಪು.

"ಕಾಯೋದು ಅಂದ್ರೆ ಏನು ಅಂತ ಗೊತ್ತಿಲ್ಲದೋರಿಗೆ ಆ ಚಿತ್ರ ಹಿಡಿಸಲ್ಲ," ಎಂದ. "ಎಲ್ಲದಕ್ಕೂ ಕಡ್ಡಿ ಬಿಟ್ಟು ಅಳೆಯೋಕಾಗಲ್ಲ."

ಅವಳ ಮುಖ ಬಿಳುಪಾಯಿತು. ಬೋರಲು ಹಾಕಿದ ಮೂರನೆಯ ತಟ್ಟೆ ಕಣ್ಣ ಮುಂದೆ ಬಂತು. 'ನನಗೆ... ಕಾಯೋದು ಗೊತ್ತಿಲ್ಲ?'

"ಇದೇ ಊರಿನ ಥಿಯೇಟರಲ್ಲಿ ನೋಡಿದ್ದು ನಾನು," ಎಂದಳು ಎದ್ದು ನಿಂತು. "ಬುಧವಾರದ ಆಟ. ಬಸ್ಸಿಗೆ ಓಡಬೇಕಾಗಿದ್ದರಿಂದ ಅಲ್ಲಿ ಯಾವ ಚಿತ್ರಾನೂ ಕೊನೇತನಕ ನೋಡಿದವಳಲ್ಲ. ಅದೊಂದನ್ನೇ ಪೂರ್ತಿ ನೋಡಿದ್ದು. ಅದಕ್ಕೇ ಮರೆತಿಲ್ಲ."

ಅವನು ತಟ್ಟನೆ ತಲೆಯೆತ್ತಿದ. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವಳು ಮೆಟ್ಟಿಲು ಇಳಿದಾಗಿತ್ತು.

ಮೂರು ಭಾನುವಾರ ಅವಳು ಲೈಬ್ರರಿಯ ಕಡೆ ತಲೆ ಹಾಕಲಿಲ್ಲ. ಬಟ್ಟೆ ಒಗೆದಳು, ಒಗೆದ ಬಟ್ಟೆಯನ್ನೇ ಇನ್ನೊಮ್ಮೆ ಜಾಲಿಸಿದಳು. ಮೂರು ಗಂಟೆಯಾಗುತ್ತಲೇ ಕಿವಿ ತಾನಾಗಿ ಗಡಿಯಾರದ ಕಡೆ ಹೋಗುತ್ತಿತ್ತು. ಅಲ್ಲಿ ಈಗ ಮೇಷ್ಟ್ರು ಯಾರ ಕಾಲೆಳೆಯುತ್ತಿರಬಹುದು? ಒಬ್ಬ ಅಪರಿಚಿತನ ಒಂದು ಮಾತಿಗೆ ಇದ್ದೊಂದು ಬಾಗಿಲನ್ನೂ ಹಾಕಿಕೊಂಡೆನಲ್ಲ ಎಂದು ಅನ್ನಿಸುತ್ತಿತ್ತು. ಆದರೂ ಹೋಗಲು ಕಾಲು ಬರಲಿಲ್ಲ.

ನಾಲ್ಕನೆಯ ವಾರ, ಬುಧವಾರ ಬೆಳಿಗ್ಗೆ, ಕೇಂದ್ರದ ಕೂಲಿಂಗ್ ಟ್ಯಾಂಕು ಕೆಟ್ಟು ನಿಂತಿತು. ಒಳಗೆ ಎಂಟುನೂರು ಲೀಟರ್ ಹಾಲು. ಕಾರ್ಯದರ್ಶಿಗಳು ಫೋನಿನಲ್ಲಿ ಕೂಗಾಡಿದರು. ಅರ್ಧ ಗಂಟೆಯಲ್ಲಿ ಸೈಕಲ್ಲಿನ ಹಿಂದೆ ಸಲಕರಣೆಯ ಪೆಟ್ಟಿಗೆ ಕಟ್ಟಿಕೊಂಡು ಬಂದವನು ಆಪರೇಟರ್.

ಅವನು ನೆಲದ ಮೇಲೆ ಮಲಗಿ ಯಂತ್ರದ ಕೆಳಗೆ ಕೈ ಹಾಕಿದ. ಅವಳು ಟಾರ್ಚು ಹಿಡಿದಳು. ಮುಕ್ಕಾಲು ಗಂಟೆಯ ಮೇಲೆ ಯಂತ್ರ ಒಮ್ಮೆ ಕೆಮ್ಮಿ ಗುಂಯ್‌ಗುಡತೊಡಗಿತು. ಹಾಲು ಉಳಿಯಿತೆಂದು ಕಾರ್ಯದರ್ಶಿಗಳು ಬೆವರು ಒರೆಸಿಕೊಂಡು ಹೊರಟುಹೋದರು.

ಅವನು ಹೋಗಲಿಲ್ಲ. "ಟೆಂಪರೇಚರ್ ಮುಳ್ಳು ಕೆಳಗಿಳಿಯೋವರೆಗೂ ನೋಡ್ಬೇಕು," ಎಂದ.

"ಕೂತ್ಕೊಳ್ಳಿ." ಅವಳು ಸ್ಟೂಲು ಸರಿಸಿದಳು, ಅವನ ಮುಖ ನೋಡದೆ.

"ನೀವು ನೋಡಿದ ಚಿತ್ರ ನಿಜವಾಗ್ಲೂ ಕೆಟ್ಟದ್ದೇ," ಎಂದ ಅವನು. "ಅದನ್ನ ಮಾಡಿದ್ದು ಆ ದೊಡ್ಡ ನಿರ್ದೇಶಕ ಅಲ್ಲ. ನಾನು."

ಅವಳು ತಿರುಗಿದಳು.

"ಬುಧವಾರ ನಾಲ್ಕು ಗಂಟೆ ಆಟಕ್ಕೆ ಒಂದು ಹುಡುಗಿ ಬರ್ತಿದ್ಲು. ಮೂರನೇ ಸಾಲು, ಕೊನೇ ಕುರ್ಚಿ. ಮೇಲಿನ ಕಿಂಡಿಯಿಂದ ನನಗೆ ಅವಳ ಜಡೆ ಮಾತ್ರ ಕಾಣ್ತಿತ್ತು. ಆರೂ ಕಾಲಾದ್ರೆ ಎದ್ದು ಬಿಡೋಳು. ಹೋಗೋವಾಗ ಪರದೆಗೆ ಬೆನ್ನು ಹಾಕ್ತಿರಲಿಲ್ಲ. ಹಿಂದೆ ಹಿಂದೆ ನಡ್ಕೊಂಡು, ನೋಡ್ಕೊಂಡೇ ಬಾಗಿಲವರೆಗೂ ಹೋಗೋಳು..."

ಅವಳ ಕೈಯಲ್ಲಿ ಟಾರ್ಚು ಇನ್ನೂ ಉರಿಯುತ್ತಲೇ ಇತ್ತು. ಆರಿಸಲು ನೆನಪಾಗಲಿಲ್ಲ. ಆಗ ಅವಳಿಗೆ ಇಪ್ಪತ್ತು. ಹಾಲು ಪರೀಕ್ಷೆಯ ತರಬೇತಿಗೆ ಬರುತ್ತಿದ್ದ ದಿನಗಳು, ಬುಧವಾರ ಅರ್ಧ ದಿನ ಪಾಠ, ಆರೂವರೆಗೆ ಆಗಿನ ಅವಳ ಹಳ್ಳಿಗೆ ಕೊನೆಯ ಬಸ್ಸು.

"ಆ ಬಾಗಿಲಿನ ಚಿತ್ರ ಬಂದಾಗ ಸಹಿಸೋಕಾಗಲಿಲ್ಲ. ಅದರ ಕೊನೆ ನೋಡದೆ ಆ ಹುಡುಗಿ ಹೋಗ್ಬಾರ್ದು ಅನ್ನಿಸ್ತು. ಏಳನೇ ರೀಲು ಹನ್ನೆರಡು ನಿಮಿಷ. ಅದರಲ್ಲಿ ಒಂದು ಮಾತೂ ಇಲ್ಲ, ಬಿಟ್ರೆ ಗೊತ್ತಾಗಲ್ಲ ಅಂದ್ಕೊಂಡೆ. ಆರರ ಮೇಲೆ ಎಂಟು ಹಾಕಿಬಿಟ್ಟೆ. ಆ ಒಂದೇ ಆಟಕ್ಕೆ. ಹನ್ನೊಂದು ಜನ ಇದ್ರು, ಯಾರೂ ಕೇಳಲಿಲ್ಲ. ಒಬ್ಬರಂತೂ ಹೊರಗೆ ಬಂದು, ಇವತ್ತು ಪಿಚ್ಚರ್ ಬಿಗಿಯಾಗಿತ್ತು ಅಂದ್ರು."

ನಗು ಬಂತು ಅವಳಿಗೆ, ಅದರ ಜೊತೆಗೇ ಕಣ್ಣು ತುಂಬಿತು. ಅಂದು ಬಸ್ಸಿನಲ್ಲಿ ಕಿಟಕಿಗೆ ಹಣೆಯೊತ್ತಿ ಉದ್ದಕ್ಕೂ ಸಿಟ್ಟಾಗಿದ್ದಳು. ಮನೆಗೆ ಹೋದರೆ ಅಮ್ಮ ಆ ತಟ್ಟೆ ತೊಳೆಯುತ್ತಿದ್ದಳು. ಕಾಯುವ ಹೆಂಗಸರೆಂದರೆ ಇಷ್ಟು ಸಸಾರವೇ, ಕರೆದೊಡನೆ ಬಾಗಿಲು ತೆಗೆಯುತ್ತಾರೆಯೇ ಎಂದು ಆ ಥಿಯೇಟರಿಗೇ ಮತ್ತೆ ಕಾಲಿಡದೆ, ಹದಿನಾಲ್ಕು ವರ್ಷ ಒಂದು ಚಿತ್ರದ ಮೇಲೆ ಹಗೆ ಇಟ್ಟುಕೊಂಡಿದ್ದಳು.

"ಅವತ್ತು ಲೈಬ್ರರಿಯಲ್ಲಿ ನೀವು ಬುಧವಾರ ಅಂದಾಗಲೇ ಗೊತ್ತಾಯ್ತು," ಎಂದ ಅವನು ತನ್ನ ಕೈ ನೋಡಿಕೊಳ್ಳುತ್ತ. "ಈ ಗೇಟಿನವರೆಗೆ ಎರಡು ಸಲ ಬಂದು ವಾಪಸ್ ಹೋದೆ. ಕೊನೆಗೆ ನಿಮ್ಮ ಟ್ಯಾಂಕೇ ಕರೆಸಿಕೊಳ್ತು. ನಿಮ್ಮ ಹನ್ನೆರಡು ನಿಮಿಷ ನನ್ನ ಮೇಲೆ ಸಾಲ ಇದೆ. ಈಗ ಫೋನಲ್ಲೇ ಸಿಗುತ್ತೆ ಆ ಚಿತ್ರ. ನೋಡಿಬಿಡಿ."

ಅವಳು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು.

"ನೀವೇ ಹೇಳಿ. ತೆಗೆದೋರು ನೀವು."

ಅವನು ಗ್ರೀಸಿನ ಕೈಯನ್ನು ಬಟ್ಟೆಗೆ ಒರೆಸಿಕೊಂಡ. ಆಮೇಲೆ ಹೇಳತೊಡಗಿದ. ಮುಚ್ಚಿದ ಬಾಗಿಲಿನ ಮುಂದೆ ಆ ಗಂಡ ಮಾರನೆಯ ದಿನವೂ ಬರುತ್ತಾನೆ. ತಟ್ಟುವುದಿಲ್ಲ. ಅಂಗಳ ಗುಡಿಸುತ್ತಾನೆ, ತೊಟ್ಟಿಗೆ ನೀರು ತುಂಬುತ್ತಾನೆ, ಕತ್ತಲಾಗುವ ಮುಂಚೆ ಹೋಗುತ್ತಾನೆ. ಹೀಗೇ ಆರು ದಿನ. ಅವಳು ಒಳಗಿನಿಂದ ಪೊರಕೆಯ ಸದ್ದು ಕೇಳುತ್ತಾಳೆ. ಏಳನೆಯ ದಿನ ಸದ್ದಿಲ್ಲ. ಅವಳು ಒಲೆಯ ಮುಂದೆ ಕೂರುತ್ತಾಳೆ, ಏಳುತ್ತಾಳೆ, ಮತ್ತೆ ಕೂರುತ್ತಾಳೆ. ಕೊನೆಗೆ ತಾನೇ ಪೊರಕೆ ಹಿಡಿದು ಹೊರಗೆ ಬರುತ್ತಾಳೆ. ಅವನು ಜ್ವರದಲ್ಲಿ ಬೇಲಿಗೆ ಒರಗಿ ಕೂತಿದ್ದಾನೆ, ಒಳಗೆ ಬರುವ ಧೈರ್ಯವಿಲ್ಲದೆ.

"ಅವಳು ಏನೂ ಅನ್ನಲ್ಲ," ಎಂದ ಆಪರೇಟರ್. "ಅರ್ಧ ಅಂಗಳ ಗುಡಿಸ್ತಾಳೆ. ಉಳಿದರ್ಧ ಅವನಿಗೆ ಬಿಟ್ಟು ಒಳಗೆ ಹೋಗ್ತಾಳೆ. ಅಲ್ಲಿಗೆ ರೀಲು ಮುಗೀತು."

ಯಂತ್ರ ಗುಂಯ್‌ಗುಡುತ್ತಿತ್ತು. ಮುಳ್ಳು ನಿಧಾನವಾಗಿ ಇಳಿಯುತ್ತಿತ್ತು. ಅವಳು ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. ಅಮ್ಮನಿಗೆ ಆ ಪೊರಕೆಯ ಸದ್ದು ಒಂದು ದಿನವೂ ಕೇಳಿಸಲಿಲ್ಲ. ಇಂದು ಮನೆಗೆ ಹೋಗಿ ಆ ಮೂರನೆಯ ತಟ್ಟೆಯನ್ನು ಮೇಲಿನ ಪೆಟ್ಟಿಗೆಗೆ ಹಾಕಬೇಕು ಎಂದುಕೊಂಡಳು. ಅಪ್ಪ ಬರುವವನಲ್ಲ.

"ಆಮೇಲೆ ಆ ಹುಡುಗಿ ಬರಲಿಲ್ವಾ?" ಕೇಳಿದಳು, ತಾನಲ್ಲವೆಂಬಂತೆ.

"ಬರಲಿಲ್ಲ. ಥಿಯೇಟರ್ ಮುಚ್ಚೋವರೆಗೂ ನಾಲ್ಕು ವರ್ಷ, ಬುಧವಾರ ಬಂದ್ರೆ ಕಿಂಡಿಯಿಂದ ಮೂರನೇ ಸಾಲು ನೋಡ್ತಿದ್ದೆ." ಅವನು ಸ್ಪ್ಯಾನರನ್ನು ಪೆಟ್ಟಿಗೆಗೆ ಹಾಕಿದ. "ಕಾಯೋದು ಗೊತ್ತಿಲ್ಲ ಅಂತ ನಿಮಗೇ ಅಂದ್ನಲ್ಲ... ಆ ಮಾತು ವಾಪಸ್ ತಗೊಳ್ಳೋಕಾಗಲ್ಲ. ಸಾಲ ಮಾತ್ರ ತೀರಿತು ಅಂದ್ಕೋತೀನಿ."

ಅವಳು ಗೋಡೆಯ ಗಡಿಯಾರ ನೋಡಿದಳು. ಟಾರ್ಚು ಆರಿಸಿದಳು.

"ಹನ್ನೆರಡು ನಿಮಿಷ ಅಂದ್ರಿ. ನೀವು ಹೇಳಿದ್ದು ಏಳೇ ನಿಮಿಷ."

"ಅದರಲ್ಲಿ ಇದ್ದದ್ದೇ ಅಷ್ಟು."

"ನನಗೆ ಅಳತೆ ಹೇಳ್ಕೊಡ್ಬೇಡಿ." ಅವಳ ತುಟಿಯ ಅಂಚಿನಲ್ಲಿ ನಗು ಇತ್ತು. "ಇನ್ನೂ ಐದು ಬಾಕಿ ಇದೆ."

"ಯಾವಾಗ ಕೊಡ್ಲಿ?"

"ಭಾನುವಾರ. ಲೈಬ್ರರಿ ಮುಗಿದ್ಮೇಲೆ ನಮ್ಮನೇಗೆ ಬನ್ನಿ, ಊಟ ಮಾಡ್ಕೊಂಡು ಹೋಗೋರಂತೆ." ಬಾಗಿಲವರೆಗೆ ಹೋಗಿ ತಿರುಗಿದಳು. "ಒಂದೇ ಸಲಕ್ಕೆ ಪೂರ್ತಿ ತೀರಿಸಿಬಿಡ್ಬೇಡಿ."

"ಇಲ್ಲ," ಎಂದ ಅವನು. "ವಾರಕ್ಕೊಂದು ನಿಮಿಷ."