ನಡುಗದ ನಲವತ್ತು ಸೆಕೆಂಡು

ಬೆಳಗ್ಗೆ ಏಳಕ್ಕೆ ಕಾಪು ದಡಕ್ಕೆ ಒಂದು ದೋಣಿ ತೇಲಿಬಂತು. ಅರ್ಧ ಮಾತ್ರ. ಹಲಗೆಗಳು ಸೀಳಿಹೋಗಿದ್ದವು. ಅದರ ಯಜಮಾನ ದೇವದಾಸನನ್ನು ಕಿಟ್ಟ ಎಂಬ ಇನ್ನೊಬ್ಬ ಮೀನುಗಾರ ತನ್ನ ದೋಣಿಯಲ್ಲಿ ಹಾಕಿಕೊಂಡು ಬಂದ. ದೇವದಾಸನಿಗೆ ಪ್ರಜ್ಞೆ ಇರಲಿಲ್ಲ. ಎಡಗಾಲು ಎರಡು ಕಡೆ ಮುರಿದಿತ್ತು.

ಎಸ್‌ಐ ಪ್ರಿಯಂವದಾ ಕಿಟ್ಟನನ್ನು ಮರಳಿನ ಮೇಲೇ ನಿಲ್ಲಿಸಿ ಕೇಳಿದರು.

"ಎಂತ ಆಯ್ತು?"

"ಬಿಳಿ ಸ್ಪೀಡ್ ಬೋಟ್ ಮೇಡಂ. ಬಂತು, ಹೊಡೀತು, ಬಡಗು ದಿಕ್ಕಿಗೆ ಹೋಯ್ತು."

"ಬೇರೆ ಯಾರು ನೋಡಿದ್ದಾರೆ?"

"ದೇವದಾಸಣ್ಣ. ಅವರು ಏಳಲಿ, ಕೇಳಿ."

"ನಿನ್ನೆ ಬಲೆ ಬಿಡುವ ಜಾಗಕ್ಕೆ ನೀವಿಬ್ಬರು ಹೊಡೆದಾಡಿದ್ದು ಉಂಟಲ್ಲ?"

"ಉಂಟು. ಕೊಲ್ಲಲಿಕ್ಕೆ ಹೋದವನು ಎತ್ತಿಕೊಂಡು ಬರ್ತಾನಾ ಮೇಡಂ?"

ಪ್ರಿಯಂವದಾ ಅದನ್ನೂ ಬರೆದುಕೊಂಡರು. ಮಧ್ಯಾಹ್ನ ಒಂದು ವಿಡಿಯೋ ಸಿಕ್ಕಿತು. ಮಣಿಪಾಲದ ಮದುವೆ ಸ್ಟುಡಿಯೋ ಮಾಲೀಕ ಕಾರ್ಲ್ ಅದನ್ನು ತಾನಾಗಿ ತಂದುಕೊಟ್ಟ. ಪ್ರೀ ವೆಡ್ಡಿಂಗ್ ಶೂಟಿಂಗಿಗೆ ಜೋಡಿ ಬರುವ ಮೊದಲು ಡ್ರೋನ್ ಟ್ರಯಲ್ ಮಾಡಿದ್ದಂತೆ. ನಲವತ್ತು ಸೆಕೆಂಡಿನ ಚಿತ್ರ. ದೇವದಾಸನ ದೋಣಿ ಚಿತ್ರದ ಎಡ ಅಂಚಿನಾಚೆ ಮರೆಯಾಗುತ್ತದೆ. ಕಿಟ್ಟನ ದೋಣಿ ಅತ್ತ ನುಗ್ಗುತ್ತದೆ. ಮತ್ತೆ ಕಾಣುವಾಗ ದೇವದಾಸನ ದೋಣಿ ಮಗುಚಿದೆ, ಪಕ್ಕದಲ್ಲಿ ಕಿಟ್ಟ ಒಬ್ಬನೇ. ಸ್ಪೀಡ್ ಬೋಟ್ ಎಲ್ಲೂ ಇಲ್ಲ.

ಸಂಜೆ ಕಿಟ್ಟ ಲಾಕಪ್ಪಿನಲ್ಲಿದ್ದ. ಕೊಲೆ ಯತ್ನದ ಕೇಸು.

* * *

"ಜೆನಿಟಾ, ಇಲ್ಲೊಂದು ಸೈನ್ ಹಾಕು."

ಎರಡು ದಿನ ಕಳೆದಿತ್ತು. ದೇವದಾಸನಿಗೆ ಇನ್ನೂ ಪ್ರಜ್ಞೆ ಬಂದಿರಲಿಲ್ಲ. ಕಾರ್ಲ್ ಎಡಿಟಿಂಗ್ ಕೋಣೆಗೆ ಬಂದು ಕಾಗದ ಚಾಚಿದ. ಜೆನಿಟಾ ಓದಿದಳು. ಸದರಿ ವಿಡಿಯೋದ ನಡುಕವನ್ನು ಮಾತ್ರ ಸರಿಪಡಿಸಲಾಗಿದೆ, ಬೇರೆ ಬದಲಾವಣೆ ಇಲ್ಲ ಎಂದಿತ್ತು. ಕೋರ್ಟಿಗೆ ಹೋಗುವ ಕಾಗದ.

"ಇದು ನಾನು ಮಾಡಿದ್ದಲ್ಲ ಸರ್."

"ಇಲ್ಲಿ ಎಡಿಟರ್ ನೀನಾ, ನಿನ್ನ ಅಜ್ಜಿಯಾ? ಗಾಳಿಗೆ ಡ್ರೋನ್ ಕುಣಿದಿತ್ತು, ನಾನು ಸ್ಟೆಬಿಲೈಸ್ ಮಾಡಿದೆ. ಅಷ್ಟೇ. ನಾಲ್ಕು ಗಂಟೆಗೆ ಎಸ್‌ಐ ಬರ್ತಾರೆ."

"ಒರಿಜಿನಲ್ ಎಲ್ಲಿ ಉಂಟು?"

"ಕಾರ್ಡ್ ಫಾರ್ಮ್ಯಾಟ್ ಆಯ್ತು. ಮರುದಿನ ನಿಟ್ಟೆಯಲ್ಲಿ ಮದುವೆ ಇತ್ತಲ್ಲ."

"ನೋಡದೆ ಸೈನ್ ಹಾಕುದಿಲ್ಲ."

"ನೋಡು ಮಾರಾಯ್ತಿ. ಬೇಗ ನೋಡು."

ಅವಳು ನೋಡಿದಳು. ಹತ್ತು ಸಲ. ಒಂದೊಂದೇ ಫ್ರೇಮ್ ಸರಿಸಿ ನೋಡಿದಳು. ಕಿಟ್ಟನ ದೋಣಿ ಹೊರಡುವ ಮೊದಲೇ ಒಮ್ಮೆ ಜೋರಾಗಿ ಓಲಾಡಿತು. ಎಡ ಅಂಚಿನಿಂದ ಎರಡು ನೊರೆಗೆರೆ ಒಳಗೆ ಬಂದವು. ಅವುಗಳನ್ನು ಎಬ್ಬಿಸಿದ್ದು ಮಾತ್ರ ಚಿತ್ರದಲ್ಲಿ ಇರಲಿಲ್ಲ.

* * *

ಡ್ರೋನ್ ಹಾರಿಸಿದವನು ರೋಹಿತ್. ಕೆಳಗಿನ ಕ್ಯಾಂಟೀನಿನಲ್ಲಿ ಗೋಳಿಬಜೆ ತಿನ್ನುತ್ತಿದ್ದ.

"ಡ್ರೋನ್ ತಲೆ ಮೇಲೆ ಇಳಿಸಿ ಆ ದೇವದಾಸಣ್ಣನನ್ನು ಹೆದರಿಸಿದ್ಯಾ?" ಜೆನಿಟಾ ನೇರವಾಗಿ ಕೇಳಿದಳು.

"ನಿನಗೆ ಮರ್ಲಾ, ಹುಚ್ಚಾ? ಅರವತ್ತು ಮೀಟರ್ ಮೇಲಿತ್ತು." ಅವನು ಡ್ರೋನ್ ಹಾರಿಸುವ ಫೋನ್ ತೆಗೆದು ಅಂದಿನ ದಾಖಲೆ ತೋರಿಸಿದ. ಬೆಳಗ್ಗೆ ಆರೂವರೆ, ಅರವತ್ತೇ ಮೀಟರ್. ಅಲ್ಲದೆ ಡ್ರೋನ್ ಬಡಿದು ಹಲಗೆ ಸೀಳುವುದೂ ಇಲ್ಲ.

"ಗಾಳಿ ಇತ್ತಾ?"

ರೋಹಿತ್ ಅಗಿಯುವುದನ್ನು ನಿಲ್ಲಿಸಿದ. "ಕಾರ್ಲ್ ಸರ್ ಎಂತ ಹೇಳಿದ್ರು?"

"ನಾನು ಕೇಳಿದ್ದು ನಿನ್ನನ್ನು."

"ಇತ್ತು," ಎಂದ. ಮುಖ ಎತ್ತಲಿಲ್ಲ.

* * *

ನಾಲ್ಕಕ್ಕೆ ಸರಿಯಾಗಿ ಪ್ರಿಯಂವದಾ ಬಂದರು. ರೋಹಿತ್ ಬಾಗಿಲ ಬಳಿ ನಿಂತಿದ್ದ. ಕಾರ್ಲ್ ಪೆನ್ನು ಕೊಟ್ಟ. ಜೆನಿಟಾ ತೆಗೆದುಕೊಳ್ಳಲಿಲ್ಲ.

"ಮೇಡಂ, ಈ ಕಾಗದ ಸುಳ್ಳು. ನಾನು ಸೈನ್ ಹಾಕುದಿಲ್ಲ."

"ಅವಳಿಗೆ ತಲೆ ಸರಿ ಇಲ್ಲ," ಎಂದ ಕಾರ್ಲ್.

"ತಲೆ ಸರಿ ಇಲ್ಲದವಳ ಸೈನ್ ಯಾಕೆ ಬೇಕಿತ್ತು ನಿಮಗೆ?" ಎಂದರು ಪ್ರಿಯಂವದಾ. "ನೀನು ಹೇಳಮ್ಮ."

"ವಿಡಿಯೋದ ನಡುಕ ತೆಗೆಯುವಾಗ ಸಾಫ್ಟ್‌ವೇರ್ ಪ್ರತಿ ಫ್ರೇಮನ್ನೂ ಅತ್ತಿತ್ತ ಸರಿಸ್ತದೆ. ಅಂಚಿನಲ್ಲಿ ಕಪ್ಪು ಪಟ್ಟಿ ಬರ್ತದೆ. ಅದು ಕಾಣಬಾರದು ಅಂತ ಚಿತ್ರ ಹಿಗ್ಗಿಸಿ ಅಂಚು ಕತ್ತರಿಸ್ತೇವೆ. ಕತ್ತರಿಸಿದ್ದು ತಪ್ಪಲ್ಲ."

"ಮತ್ತೆ ತಪ್ಪು ಯಾವುದು?"

"ಆರೂವರೆಗೆ ಬೆಳಕು ಕಮ್ಮಿ. ಆಗ ಡ್ರೋನ್ ಕುಣಿದರೆ ಆ ಫ್ರೇಮೇ ಮಸುಕಾಗ್ತದೆ. ಸ್ಟೆಬಿಲೈಸ್ ಮಾಡಿದರೆ ಕುಣಿತ ಹೋಗ್ತದೆ, ಮಸುಕು ಹೋಗುದಿಲ್ಲ. ಇಲ್ಲಿ ನಲವತ್ತು ಸೆಕೆಂಡಿನಲ್ಲಿ ಒಂದು ಫ್ರೇಮೂ ಮಸುಕಿಲ್ಲ. ಬಲೆಯ ತೇಲುಬುರುಡೆ ಎಣಿಸಬಹುದು. ನಡುಗದ ವಿಡಿಯೋದ ಅಂಚು ಯಾಕೆ ಕತ್ತರಿಸಿದ್ದು? ಅಂಚಿನಲ್ಲಿ ಏನೋ ಇತ್ತು. ಈ ನೊರೆ ನೋಡಿ, ಎಡದಿಂದ ಬರ್ತಾ ಉಂಟು. ಕಿಟ್ಟನ ದೋಣಿ ಆಗ ನಿಂತಲ್ಲೇ ಉಂಟು."

"ಕತೆ," ಎಂದ ಕಾರ್ಲ್. "ಒರಿಜಿನಲ್ ಇಲ್ಲದೆ ಎಂತ ಸಾಬೀತು ಮಾಡ್ತಿ?"

"ಕಾರ್ಡಿನಲ್ಲಿ ಇಲ್ಲ. ಆದರೆ ಹಾರಿಸುವಾಗ ಫೋನಿನಲ್ಲಿ ಸಣ್ಣ ಸೈಜಿನ ನಕಲು ತಾನಾಗಿ ಉಳೀತದೆ. ನೀವು ಡ್ರೋನ್ ಬರುವ ಮೊದಲಿನವರು ಸರ್, ಕಾರ್ಡ್ ಮಾತ್ರ ಗೊತ್ತು."

ಕಾರ್ಲ್ ಬಾಗಿಲತ್ತ ತಿರುಗಿದ. ರೋಹಿತ್ ಅಷ್ಟರಲ್ಲಿ ಫೋನನ್ನು ಎಸ್‌ಐ ಕೈಗಿಟ್ಟಿದ್ದ.

"ಬಾಯಿ ಬಿಟ್ಟರೆ ನೀನೂ ಒಳಗೆ ಅಂತ ಹೆದರಿಸಿದ್ರು ಮೇಡಂ," ಎಂದ. "ಆಗಲಿ."

ಚಿತ್ರ ಮಂಕಾಗಿತ್ತು, ಆದರೆ ಪೂರ್ತಿ ಇತ್ತು. ಎಡಗಡೆ ಬಿಳಿ ಸ್ಪೀಡ್ ಬೋಟ್. ಜೋಡಿಯ ಸುತ್ತ ನೊರೆಯ ವೃತ್ತ ಬರೆಯುವ ಶಾಟಿಗೆ ಅದು ಅಭ್ಯಾಸ ನಡೆಸುತ್ತಿತ್ತು. ತಿರುವಿನಲ್ಲಿ ಹಿಡಿತ ತಪ್ಪಿ ದೇವದಾಸನ ದೋಣಿಯನ್ನು ಸೀಳಿತು. ನಿಲ್ಲಲಿಲ್ಲ. ಕಿಟ್ಟ ಹೊರಟದ್ದು ಆಮೇಲೆ, ರಕ್ಷಿಸಲಿಕ್ಕೆ.

"ಓಡಿಸಿದ್ದು ಯಾರು?"

"ಕಾರ್ಲ್ ಸರ್. ಬೋಟ್ ಮಟ್ಟು ಊರಿನಲ್ಲಿ ಉಂಟು, ಟಾರ್ಪಾಲಿನ ಅಡಿಯಲ್ಲಿ," ಎಂದ ರೋಹಿತ್.

ಪ್ರಿಯಂವದಾ ಠಾಣೆಗೆ ಫೋನ್ ಮಾಡಿದರು. "ಕಿಟ್ಟನ ಬಿಡುಗಡೆಗೆ ರಿಪೋರ್ಟ್ ಬರೀರಿ. ಈಗಲೇ." ಆಮೇಲೆ ಕಾರ್ಲ್‌ನ ತೋಳು ಹಿಡಿದರು.

ಅವನು ಮೆಟ್ಟಿಲ ಬಳಿ ನಿಂತು ತಿರುಗಿದ. "ಕಾರ್ಕಳದಿಂದ ಉಡುಪಿಯವರೆಗೆ ಯಾವ ಸ್ಟುಡಿಯೋದಲ್ಲೂ ನಿನಗೆ ಕೆಲಸ ಸಿಗದ ಹಾಗೆ ಮಾಡ್ತೇನೆ. ನಾಳೆಯಿಂದ ಇಲ್ಲಿ ಕಾಲಿಡಬೇಡ."

"ಸರಿ ಸರ್," ಎಂದಳು ಜೆನಿಟಾ. "ನಾಳೆ ಶಟರ್ ಎತ್ತುವುದು ಯಾರು ಅಂತ ಹೇಳಿ ಹೋಗಿ."