ಎಡಗಡೆಯ ಸೀರೆ ಗಾರ್ಡ್

“ಎರಡು ತರ ಐತೆ. ಫಳಫಳ ಅನ್ನೋದು ಬೇಕಾ, ಕರೀದು ಬೇಕಾ?”

ರೂಪಶ್ರೀ ಎರಡೂ ಬ್ಯಾಗ್ ಗಾರ್ಡ್‌ಗಳನ್ನು ಅಪ್ಪನ ಬೈಕ್ ಸಾಮಾನಿನ ಅಂಗಡಿ ಕಟ್ಟೆಯ ಮೇಲಿಟ್ಟಳು. ತಿಮ್ಮೇಶ್ ಗಾರ್ಡ್ ನೋಡಲಿಲ್ಲ, ಅವಳ ಜಡೆ ನೋಡಿದ. ಹೋದ ವಾರ ಚನ್ನಗಿರಿಯ ಗಂಡಿನ ಕಡೆಯವರು ಮುಡಿಸಿದ ಮಲ್ಲಿಗೆ ಎಂದೋ ಬಾಡಿ ಉದುರಿತ್ತು. ಸುದ್ದಿ ಮಾತ್ರ ಇಡೀ ನ್ಯಾಮತಿ ಸುತ್ತಿತ್ತು, ಅವನ ಕಿವಿಗೆ ಬೀಳದೆ ಇರುತ್ತದೆಯೇ?

“ಕರೀದೇ ಹಾಕ್ರಿ. ನನ್ನ ಮುಖಕ್ಕೆ ಅದೇ ಸರಿ.”

ಬೇರೆ ದಿನವಾಗಿದ್ದರೆ ಅವಳು ಬಿಡುತ್ತಿರಲಿಲ್ಲ. ‘ನಿಮ್ಮೂರು ಜಗಳೂರಿನ ಬಿಸಿಲಲ್ಲಿ ಸುಟ್ಕೊಂಡಿದ್ದಕ್ಕೆ ನಮ್ಮ ಗಾರ್ಡ್ ಏನು ಮಾಡಾಕೆ ಆಗುತ್ತೆ?’ ಎಂದು ಕಾಲೆಳೆಯುತ್ತಿದ್ದಳು. ಕೆಡದ ಹಾರ್ನ್ ಕೆಟ್ಟಿದೆ ಎಂದು ಅವನು ಬರುವುದು, ಇವಳು ಅದನ್ನು ಗಂಟೆಗಟ್ಟಲೆ ಬಿಚ್ಚಿ ನೋಡುವುದು ಮೊದಲಿನಿಂದಲೂ ನಡೆದೇ ಇತ್ತು. ಇಂದು ನಗು ಹತ್ತಿರ ಸುಳಿಯಲಿಲ್ಲ.

ನ್ಯಾಮತಿಯ ಪಶು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದವನು ಬೀದರಿಗೆ ವರ್ಗ ಕೇಳಿಕೊಂಡಿದ್ದ. ತನ್ನ ಕ್ರೂಸರ್ ಬೈಕಿಗೆ ಎರಡೂ ಕಡೆ ಬ್ಯಾಗು ಕಟ್ಟಿಕೊಂಡು ಈಗಲೇ ಹೊರಡುವವ. ಬ್ಯಾಗು ಚಕ್ರಕ್ಕೆ, ಸೈಲೆನ್ಸರಿಗೆ ತಾಗದಿರಲು ಗಾರ್ಡ್ ಬೇಕಿತ್ತು.

ಬಲಗಡೆಯದನ್ನು ಸೈಲೆನ್ಸರಿನಿಂದ ನಾಲ್ಕು ಬೆರಳು ಮೇಲೆ ಕೂರಿಸಿದಳು. ಎಡಗಡೆಗೆ ಬಂದವಳು ಸ್ಪ್ಯಾನರ್ ಹಿಡಿದು ಹಾಗೇ ಕೂತಳು.

“ಏನಾಯ್ತ್ರೀ?”

“ಇಲ್ಲಿ ಸೀರೆ ಗಾರ್ಡ್ ಐತೆ. ಇದನ್ನ ಬಿಚ್ಚದೆ ಅದು ಕೂರಲ್ಲ.”

“ಬಿಚ್ಚಿಬಿಡ್ರಿ. ಹಿಂದೆ ಕೂರೋರು ಯಾರಿದಾರೆ?”

ಹೋದ ತಿಂಗಳು ಇದೇ ಸೀರೆ ಗಾರ್ಡಿನ ಮೇಲೆ ಕೈಯಿಟ್ಟು ಅವನು ಕೇಳಿದ್ದ: “ಇಲ್ಲಿ ಕೂತು ಬರ್ತೀರಾ, ಜೀವನ ಪೂರ್ತಿ?” ಸಂತೋಷಕ್ಕೆ ಅವಳ ನಾಲಿಗೆ ಹೊರಳಲೇ ಇಲ್ಲ. ತಲೆ ತಗ್ಗಿಸಿ ನಿಂತಳು. ಅವನು ಕಾದು, ಮುಖ ಸಣ್ಣದು ಮಾಡಿಕೊಂಡು ಹೋದ.

ಚನ್ನಗಿರಿಯವರ ಮುಂದೆ ಅಪ್ಪ “ಒಪ್ಪಿಗೆ ಏನವ್ವಾ?” ಎಂದಾಗಲೂ ಅವಳು ತಲೆ ತಗ್ಗಿಸಿಯೇ ಕೂತಿದ್ದಳು. ಆಗ ಹೆದರಿಕೆ. ಹೆಣ್ಣುಮಕ್ಕಳ ಮೌನಕ್ಕೆ ಅರ್ಥ ಹೇಳಲು ಎಲ್ಲರೂ ಪಂಡಿತರೇ. ತಿಮ್ಮೇಶ್ ಅದನ್ನು ‘ಒಲ್ಲೆ’ ಎಂದುಕೊಂಡ, ಚನ್ನಗಿರಿಯವರು ‘ಹೂಂ’ ಎಂದುಕೊಂಡು ಹೂ ಮುಡಿಸಿದರು.

ತುಕ್ಕು ಹಿಡಿದ ಬೋಲ್ಟು ಕಿರುಗುಟ್ಟಿ ಬಿಟ್ಟಿತು. ಸೀರೆ ಗಾರ್ಡ್ ಅವಳ ಮಡಿಲಿಗೆ ಬಂತು.

“ತಿಮ್ಮೇಶ್, ಅವತ್ತು ನಾನು ಒಲ್ಲೆ ಅಂದಿರಲಿಲ್ಲ.”

ಅವನು ಅವಳ ಎದುರೇ ಕುಕ್ಕರಗಾಲಲ್ಲಿ ಕೂತ. ಇಷ್ಟು ಹತ್ತಿರದಿಂದ ಅವನ ಕಣ್ಣನ್ನು ಅವಳು ಎಂದೂ ನೋಡಿರಲಿಲ್ಲ. ಅವು ಕೆಂಪಾಗಿದ್ದವು.

“ಅವತ್ತೇ ಯಾಕೆ ಹೇಳ್ಲಿಲ್ರೀ?”

ಅವಳು ಈಗಲೂ ತಲೆ ತಗ್ಗಿಸಿದಳು.

“ಹೂ ಮುಡಿಸಿ ಹೋಗ್ಯಾರೆ. ಆಗೋ ಮದುವೆ ಮುರಿಯೋ ಮನುಷ್ಯ ನಾನಲ್ಲ. ಹೊಸದನ್ನ ಹಾಕಿಬಿಡ್ರಿ,” ಎಂದ ಮೆಲ್ಲಗೆ.

ಅವಳು ಹಾಕಿದಳು. ಬ್ಯಾಗು ಕಟ್ಟುವಾಗ ಇಬ್ಬರ ಕೈಗಳು ಒಮ್ಮೆ ತಾಗಿದವು, ಇಬ್ಬರೂ ಬೇಗ ತೆಗೆಯಲಿಲ್ಲ. ಆಮೇಲೆ ಬೈಕು ಹೊನ್ನಾಳಿ ರಸ್ತೆ ಹಿಡಿಯಿತು.

ಅಷ್ಟೊತ್ತೂ ಒಳಗೆ ಫೋನಿನಲ್ಲಿದ್ದ ಅಪ್ಪ ಮಹೇಶ್ವರಪ್ಪ ಹೊರಗೆ ಬಂದರು.

“ಆ ಹಳೇದನ್ನ ಗುಜರಿಗೆ ಹಾಕವ್ವಾ.”

“ಹಾಕಲ್ಲ ಅಪ್ಪಾಜಿ.” ಸೀರೆ ಗಾರ್ಡನ್ನು ಅವಳು ಎದೆಗವಚಿಕೊಂಡಿದ್ದಳು. ಈ ಸಲ ತಲೆ ತಗ್ಗಿಸಲಿಲ್ಲ. “ಚನ್ನಗಿರಿಯವರಿಗೆ ಫೋನ್ ಮಾಡ್ರಿ. ನಾನು ಒಪ್ಪಿಲ್ಲ.”

ಅವರು ದಂಗಾದರು. “ಅವತ್ತೇ ಯಾಕೆ ಹೇಳ್ಲಿಲ್ಲ?”

ಬೈಕು ಹೋದ ಖಾಲಿ ರಸ್ತೆ ನೋಡುತ್ತಾ ಅವಳು ಹೇಳಿದಳು:

“ಅವರೂ ಅದನ್ನೇ ಕೇಳಿ ಹೋದ್ರು.”